ವೇಬ್ರಿಡ್ಜ್ ಕೋಣೆಯಲ್ಲಿ ಗೋ ಭಾಷೆ: ಏಳು ಕೊಯ್ಲುಗಳ ಬಳಕೆಯ ನಂತರ

ಚಿಕ್ಕಮಗಳೂರಿನ ಒಣಗಿದ ಕಾಫಿಯ ಸಿಪ್ಪೆ ತೆಗೆದು ವಿಂಗಡಿಸುವ ಒಂದು ಕ್ಯೂರಿಂಗ್ ವರ್ಕ್ಸ್‌ನಲ್ಲಿ ತಂತ್ರಾಂಶದ ಕೆಲಸ ನೋಡಿಕೊಳ್ಳುವ ಮೂವರಲ್ಲಿ ನಾನೊಬ್ಬ. ಆಲ್ದೂರು, ಮೂಡಿಗೆರೆ, ಕೊಪ್ಪದ ಕಡೆಯಿಂದ ಬರುವ ಲಾರಿಗಳ ತೂಕವನ್ನು ವೇಬ್ರಿಡ್ಜ್ ಎಂಬ ತೂಕದ ಕಟ್ಟೆಯಿಂದ ಸೀರಿಯಲ್ ತಂತಿಯ ಮೂಲಕ ಓದಿ, ಬೆಳೆಗಾರರ ಕೈಗೆ ಕನ್ನಡದಲ್ಲಿ ಚೀಟಿ ಮುದ್ರಿಸಿ ಕೊಟ್ಟು, ಪಾರ್ಚ್‌ಮೆಂಟ್ (ತಿರುಳು ತೆಗೆದು ಒಣಗಿಸಿದ ಕಾಫಿ) ಮತ್ತು ಚೆರ್ರಿಯ (ಹಣ್ಣಾಗಿಯೇ ಒಣಗಿಸಿದ ಕಾಫಿ) ದಾಸ್ತಾನನ್ನು ಲೆಕ್ಕಕ್ಕೆ ಸೇರಿಸುವ ನಮ್ಮ ವ್ಯವಸ್ಥೆಯನ್ನು 2018ರ ಮಳೆಗಾಲದಲ್ಲಿ ಗೋ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಹೊಸದಾಗಿ ಬರೆದೆವು. ಅಂದಿನಿಂದ ಏಳು ಕೊಯ್ಲುಗಳು ಅದರ ಮೇಲೆಯೇ ನಡೆದಿವೆ.

ಅದಕ್ಕೆ ಮೊದಲು ಇದ್ದದ್ದು 1998ರಲ್ಲಿ ಬಂದ ವಿಷುಯಲ್ ಬೇಸಿಕ್ 6ರಲ್ಲಿ ಯಾರೋ ಬರೆದುಕೊಟ್ಟು ಹೋದ ಪ್ರೋಗ್ರಾಂ. ಅದರ ಮೂಲ ಕೋಡ್ ನಮ್ಮ ಬಳಿ ಇರಲೇ ಇಲ್ಲ. ಹೊಸದನ್ನು ಬರೆಯಬೇಕೆಂಬ ವಿಷಯದಲ್ಲಿ ಎಲ್ಲರಿಗೂ ಒಮ್ಮತವಿತ್ತು, ಭಾಷೆಯ ವಿಷಯದಲ್ಲಿ ಇರಲಿಲ್ಲ. ಒಬ್ಬ ಸಹೋದ್ಯೋಗಿಗೆ ಜಾವಾ ಕೈಹಿಡಿದಿತ್ತು, ಇನ್ನೊಬ್ಬರಿಗೆ ಪೈಥಾನ್. ನಾನು ವೇಗದ ಮಾತನ್ನು ಎತ್ತಲಿಲ್ಲ, ಏಕೆಂದರೆ ಒಂದು ಲಾರಿ ವೇಬ್ರಿಡ್ಜ್ ಮೇಲೆ ಹತ್ತಿ ಇಳಿಯಲು ಹಿಡಿಯುವ ನಿಮಿಷಗಳಲ್ಲಿ ಯಾವ ಭಾಷೆಯೂ ನಿಧಾನವಲ್ಲ. ನನ್ನ ಲಿನಕ್ಸ್ ಲ್ಯಾಪ್‌ಟಾಪ್‌ನಲ್ಲಿ ಕುಳಿತೇ ವಿಂಡೋಸ್‌ಗಾಗಿ ಕಂಪೈಲ್ ಮಾಡಿ (ಬರೆದ ಕೋಡನ್ನು ಯಂತ್ರ ಓಡಿಸಬಲ್ಲ ಫೈಲಾಗಿಸಿ), ಬಂದ ಒಂದೇ ಫೈಲನ್ನು ಪೆನ್‌ಡ್ರೈವ್‌ಗೆ ಹಾಕಿಕೊಂಡು ಹೋಗಿ, ಬೇರೇನನ್ನೂ ಇನ್‌ಸ್ಟಾಲ್ ಮಾಡದೆ ವೇಬ್ರಿಡ್ಜ್ ಕೋಣೆಯ ಹಳೆಯ ಯಂತ್ರದಲ್ಲಿ ಓಡಿಸಿ ತೋರಿಸಿದೆ. ಇಂಟರ್ನೆಟ್ ಇಲ್ಲದ, ದಿನಕ್ಕೆ ನಾಲ್ಕು ಸಲ ಕರೆಂಟು ಹೋಗುವ ಕೋಣೆಯಲ್ಲಿ ಆ ಒಂದೇ ಫೈಲಿನ ಬೆಲೆ ಎಷ್ಟೆಂದು ವಿವರಿಸುವ ಅಗತ್ಯವೇ ಬೀಳಲಿಲ್ಲ.

ಆದರೆ ಮಾಲೀಕರು ಕೇಳಿದ ಪ್ರಶ್ನೆ ಬೇರೆಯಾಗಿತ್ತು: ನೀವು ನಾಳೆ ಕೆಲಸ ಬಿಟ್ಟರೆ ಇದನ್ನು ಓದುವವರು ಯಾರು? ಹಳೆಯ ಪ್ರೋಗ್ರಾಂನಿಂದ ಪೆಟ್ಟು ತಿಂದವರ ಪ್ರಶ್ನೆ ಅದು, ಮತ್ತು ಕೆಲಸದ ಜಾಗದಲ್ಲಿ ಒಂದು ಭಾಷೆಯ ಪರವಾಗಿ ವಾದಿಸುವ ಪ್ರತಿಯೊಬ್ಬರೂ ಮೊದಲು ಉತ್ತರಿಸಬೇಕಾದ ಪ್ರಶ್ನೆಯೂ ಅದೇ ಎಂದು ನನಗೆ ಈಗಲೂ ಅನಿಸುತ್ತದೆ. ಗೋ ಭಾಷೆಯಲ್ಲಿ ಮೀಸಲು ಪದಗಳು, ಅಂದರೆ ಭಾಷೆ ತನಗಾಗಿಯೇ ಇಟ್ಟುಕೊಂಡ ಪದಗಳು, 25 ಮಾತ್ರ. ಗೋಫಮ್ಟ್ ಎಂಬ ಉಪಕರಣ ಎಲ್ಲರ ಕೋಡನ್ನೂ ಒಂದೇ ಅಚ್ಚಿಗೆ ತರುವುದರಿಂದ ಬರೆದವರು ಯಾರೆಂಬುದು ಓದುವವರಿಗೆ ಅಡ್ಡಬರುವುದಿಲ್ಲ. ಮಾತಿಗಿಂತ ಪ್ರಯೋಗ ಮೇಲೆಂದು ಜಾವಾ ಬಲ್ಲ ಸಹೋದ್ಯೋಗಿಗೆ ನನ್ನ ಕೋಡನ್ನು ಕೊಟ್ಟು, ಚೀಟಿಯಲ್ಲಿ ತೇವಾಂಶದ ಕಾಲಂ ಸೇರಿಸಲು ಕೇಳಿದೆ. ಅವರು ಎರಡು ದಿನಗಳಲ್ಲಿ ನನ್ನನ್ನು ಒಂದು ಮಾತೂ ಕೇಳದೆ ಸೇರಿಸಿದರು. ತೀರ್ಮಾನ ಆದದ್ದು ಅಲ್ಲಿ.

ಏಳು ವರ್ಷಗಳಲ್ಲಿ ನನಗೆ ಅತ್ಯಂತ ನೆಮ್ಮದಿ ಕೊಟ್ಟ ಗುಣವೆಂದರೆ ಹಳೆಯ ಕೋಡಿನ ಮೇಲೆ ಈ ಭಾಷೆ ಇಟ್ಟುಕೊಂಡಿರುವ ನಿಷ್ಠೆ. 2012ರ ಮಾರ್ಚ್‌ನಲ್ಲಿ ಗೋ 1 ಬಿಡುಗಡೆಯಾದಾಗ, ಅದಕ್ಕೆ ಬರೆದ ಪ್ರೋಗ್ರಾಂಗಳು ಮುಂದಿನ ಆವೃತ್ತಿಗಳಲ್ಲೂ ಕಂಪೈಲ್ ಆಗಿ ನಡೆಯುತ್ತವೆ ಎಂಬ ಭರವಸೆಯನ್ನು ಅದನ್ನು ರೂಪಿಸಿದವರು ಕೊಟ್ಟಿದ್ದರು. 2022ರಲ್ಲಿ 1.18ನೇ ಆವೃತ್ತಿಯ ಮೂಲಕ ಜನರಿಕ್ಸ್‌ನಂತಹ (ಒಂದೇ ಕೋಡನ್ನು ಹಲವು ಬಗೆಯ ದತ್ತಾಂಶಕ್ಕೆ ಬಳಸುವ ಸೌಲಭ್ಯ) ದೊಡ್ಡ ಬದಲಾವಣೆ ಬಂದಾಗಲೂ ನಮ್ಮ ತೂಕ ಓದುವ ಭಾಗದಲ್ಲಿ ಒಂದು ಸಾಲನ್ನೂ ತಿದ್ದಬೇಕಾಗಲಿಲ್ಲ. ವರ್ಷದಲ್ಲಿ ಮೂರ್ನಾಲ್ಕು ತಿಂಗಳು ಉಸಿರಾಡಲು ಬಿಡುವಿಲ್ಲದೆ ದುಡಿದು, ಉಳಿದ ಕಾಲ ಸುಮ್ಮನಿರುವ ನಮ್ಮಂತಹ ಉದ್ಯಮಕ್ಕೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ.

ತೊಂದರೆಗಳೂ ಇವೆ, ಮತ್ತು ಅವುಗಳನ್ನು ಮುಚ್ಚಿಟ್ಟು ಯಾರನ್ನೂ ಒಪ್ಪಿಸಬಾರದು. ನನ್ನ ಲ್ಯಾಪ್‌ಟಾಪ್‌ನಲ್ಲಿ ಸರಿಯಾಗಿ ಓಡುತ್ತಿದ್ದ ಪ್ರೋಗ್ರಾಂ ವೇಬ್ರಿಡ್ಜ್ ಕೋಣೆಯ ವಿಂಡೋಸ್‌ನಲ್ಲಿ ಏಷ್ಯಾ/ಕೋಲ್ಕತ್ತಾ ಕಾಲವಲಯ ಸಿಗಲಿಲ್ಲವೆಂದು ನಿಂತುಹೋಯಿತು. ಗೋ ಇನ್‌ಸ್ಟಾಲ್ ಆಗಿರದ ಆ ಯಂತ್ರದಲ್ಲಿ ಅದರ ಕಾಲವಲಯದ ಮಾಹಿತಿ ಇರಲಿಲ್ಲ. 2020ರಲ್ಲಿ 1.15ರೊಂದಿಗೆ ಆ ಮಾಹಿತಿಯನ್ನು ಪ್ರೋಗ್ರಾಂನೊಳಗೇ ಸೇರಿಸುವ ಪ್ಯಾಕೇಜ್ ಬರುವವರೆಗೆ ನಾವು ಐದೂವರೆ ಗಂಟೆಯ ಅಂತರವನ್ನು ಕೈಯಿಂದಲೇ ಬರೆದಿಟ್ಟುಕೊಂಡಿದ್ದೆವು.

ಕನ್ನಡದ ವಿಷಯದಲ್ಲಿ ನಾನು ಹೆಚ್ಚು ಕಲಿಯಬೇಕಾಯಿತು. ಗೋ ಭಾಷೆಯಲ್ಲಿ ಸ್ಟ್ರಿಂಗ್ (ಪಠ್ಯದ ತುಣುಕು) ಎಂದರೆ ಬೈಟ್‌ಗಳ ಸಾಲು, ಮತ್ತು ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ವಿಧಾನದಲ್ಲಿ ಕನ್ನಡದ ಪ್ರತಿ ಚಿಹ್ನೆಗೂ ಮೂರು ಬೈಟ್ ಬೇಕು. ನಮ್ಮ ಕಣ್ಣಿಗೆ ಆರು ಅಕ್ಷರವಾದ ‘ಚಿಕ್ಕಮಗಳೂರು’ ಅದರ ಲೆಕ್ಕದಲ್ಲಿ 33 ಬೈಟ್, ರೂನ್‌ಗಳಲ್ಲಿ, ಅಂದರೆ ಒಂದೊಂದು ಚಿಹ್ನೆಯಾಗಿ, ಎಣಿಸಿದರೆ 11. ಚೀಟಿಯ ಅಗಲಕ್ಕೆ ತೋಟದ ಹೆಸರನ್ನು ಕತ್ತರಿಸಲು ಮೊದಲು ಬೈಟ್ ಎಣಿಸಿದೆ, ಕೊನೆಯಲ್ಲಿ ಅರ್ಥವಿಲ್ಲದ ಗುರುತುಗಳು ಬಂದವು. ರೂನ್ ಎಣಿಸಿದಾಗ ‘ಚಿಕ್ಕ’ ಎಂಬುದು ‘ಚಿಕ್’ ಎಂದು ನಿಂತಿತು, ಒತ್ತಕ್ಷರ ಆಚೆ ಉಳಿಯಿತು. ಅಕ್ಷರವನ್ನು ಅಕ್ಷರವಾಗಿ ಗುರುತಿಸುವ ಸೌಲಭ್ಯ ಗೋ ಜೊತೆಗೆ ಬರುವ ಸಿದ್ಧ ಕೋಡಿನ ಸಂಗ್ರಹದಲ್ಲಿಲ್ಲ. ಹಲಂತದ (್) ನಂತರ ವ್ಯಂಜನ ಬಂದರೆ ಬಿಡಿಸಬಾರದು, ಗುಣಿತದ ಚಿಹ್ನೆಯನ್ನು ಅದರ ವ್ಯಂಜನದಿಂದ ಬೇರ್ಪಡಿಸಬಾರದು ಎಂಬ ನಿಯಮಗಳನ್ನು ನಾವೇ ಬರೆದುಕೊಂಡೆವು. ತನ್ನ ತೋಟದ ಹೆಸರು ಮುರಿದು ಮುದ್ರಣವಾದ ಚೀಟಿಯನ್ನು ಹಿಡಿದುಕೊಂಡು ನಿಂತ ಬೆಳೆಗಾರರಿಗೆ ಅದು ಸಣ್ಣ ವಿಷಯವಲ್ಲ.

ಎರಡನೆಯ ವೇಬ್ರಿಡ್ಜ್ ಸೇರಿಸಿದ ವರ್ಷ ನನ್ನದೇ ತಪ್ಪಿನಿಂದ ಜನವರಿಯ ಒಂದು ರಾತ್ರಿ ಪ್ರೋಗ್ರಾಂ ಕುಸಿದು ಲಾರಿಗಳು ಸಾಲುಗಟ್ಟಿದವು. ಎರಡು ಗೋರೂಟೀನ್‌ಗಳು (ಪ್ರೋಗ್ರಾಂನೊಳಗೆ ಏಕಕಾಲಕ್ಕೆ ನಡೆಯುವ ಕೆಲಸಗಳು), ಒಂದು ಬರೆಯುವಾಗ ಇನ್ನೊಂದನ್ನು ತಡೆಯುವ ಬೀಗವಿಲ್ಲದೆ, ಮ್ಯಾಪ್ ಎಂಬ ಒಂದೇ ಮಾಹಿತಿ ಪಟ್ಟಿಗೆ ಬರೆಯುತ್ತಿದ್ದವು. ಇಂತಹ ದೋಷವನ್ನು ಹಿಡಿಯುವ ರೇಸ್ ಡಿಟೆಕ್ಟರ್ ಭಾಷೆಯ ಜೊತೆಗೇ ಬರುತ್ತದೆ, ನಾನು ಅದನ್ನು ಓಡಿಸಿ ನೋಡಿರಲಿಲ್ಲ. ಈಗ ಅದಿಲ್ಲದೆ ಯಾವ ಫೈಲೂ ಪೆನ್‌ಡ್ರೈವ್‌ಗೆ ಹೋಗುವುದಿಲ್ಲ. ಪ್ರತಿ ಕರೆಯ ನಂತರವೂ ದೋಷವನ್ನು ಪರಿಶೀಲಿಸುವ ಮೂರು ಸಾಲು ಬರೆಯುವುದು ಬೇಸರವೆಂದು ಹಲವರು ಹೇಳುತ್ತಾರೆ. ತಂತಿ ಸಡಿಲವಾದಾಗ ಸೊನ್ನೆ ತೂಕದ ಚೀಟಿ ಹೊರಬರದಂತೆ ತಡೆದದ್ದು ಆ ಮೂರು ಸಾಲುಗಳೇ ಆದ್ದರಿಂದ ನನಗೆ ಆ ದೂರಿಲ್ಲ.

ಗೋ ಭಾಷೆಯನ್ನು ಆರಿಸಿಕೊಳ್ಳುವವರು ಯಂತ್ರದ ವಿಂಡೋಸ್ ಯಾವುದೆಂದು ಮೊದಲೇ ನೋಡಿಕೊಳ್ಳಬೇಕು. ವಿಂಡೋಸ್ 7ರಲ್ಲಿ ಓಡುವ ಕೊನೆಯ ಆವೃತ್ತಿ 1.20, 2023ರ ಆಗಸ್ಟ್‌ನಲ್ಲಿ ಬಂದ 1.21ಕ್ಕೆ ಕನಿಷ್ಠ ವಿಂಡೋಸ್ 10 ಬೇಕು. ನಾವು ಆ ಕೊಯ್ಲನ್ನು 1.20ರಲ್ಲೇ ಮುಗಿಸಿ, 2024ರ ಬೇಸಿಗೆಯಲ್ಲಿ ಯಂತ್ರ ಬದಲಾಯಿಸಿದೆವು.

ಕ್ಯೂರಿಂಗ್ ನಂತರ ಎಷ್ಟು ಬೀಜ ಸಿಕ್ಕಿತೆಂದು ತಿಳಿಸುವ ಔಟ್‌ಟರ್ನ್ ವರದಿಗಳು ಮತ್ತು ನಕ್ಷೆಗಳು ಪೈಥಾನ್‌ನಲ್ಲಿಯೇ ಇವೆ. ಅಲ್ಲಿ ಅದೇ ಸುಲಭ, ಅದನ್ನು ಬದಲಿಸಲು ನಾನು ಎಂದೂ ಕೇಳಿಲ್ಲ. ಬಣ್ಣ ವಿಂಗಡಿಸುವ ಯಂತ್ರದ ಎಣಿಕೆಗಳನ್ನು ಓದುವ ಹೊಸ ಪ್ರೋಗ್ರಾಂ ಈ ವರ್ಷ ಗೋ ಭಾಷೆಯಲ್ಲಿ ಸಿದ್ಧವಾಗುತ್ತಿದೆ. ಅದರ ಪ್ರಸ್ತಾವವನ್ನು ಮಾಲೀಕರ ಮುಂದಿಟ್ಟವರು ಜಾವಾ ಬಲ್ಲ ಅದೇ ಸಹೋದ್ಯೋಗಿ.