ಉಳುಕಿದ ಕಾಲಿಗೆ ಬಿಜೈಯ ಫಿಸಿಯೋ: ಮಷೀನ್ ಇಲ್ಲ, ಕೆಲಸ ಉಂಟು

ಓಡುವವರಿಗೆ ಕಾಲು ಉಳುಕಿದರೆ ಮಂಗಳೂರಲ್ಲಿ ಎಲ್ಲಿಗೆ ಹೋಗುವುದು ಅಂತ ಕೇಳುವವರು ಜಾಸ್ತಿ. ನಾನು ಹೋದದ್ದು ಬಿಜೈ ಒಳರಸ್ತೆಯ ಒಂದು ಸಣ್ಣ ಫಿಸಿಯೋಥೆರಪಿ ಕ್ಲಿನಿಕ್‌ಗೆ. ನಡೆಸುವುದು ಒಬ್ಬರೇ ಮೇಡಂ. ಧೈರ್ಯವಾಗಿ ಹೋಗಿ ಅಂತ ಹೇಳುತ್ತೇನೆ, ಯಾಕೆ ಅಂತಲೂ ಹೇಳಬೇಕು.

ಪಾಚಿ ಹಿಡಿದ ಇಂಟರ್‌ಲಾಕ್ ಮೇಲೆ ಓಡುವಾಗ ಬಲಗಾಲು ಮಗುಚಿ ಪಾದದ ಗಂಟಿನ ಹೊರಬದಿ ಊದಿಕೊಂಡಿತ್ತು. ಎಣ್ಣೆ ಹಾಕಿ ತಿಕ್ಕಿಸು ಅಂತ ಮನೆಯವರು, ತಿಂಗಳು ಪೂರ್ತಿ ರೆಸ್ಟ್ ಮಾಡು ಅಂತ ಗೆಳೆಯರು. ಮೇಡಂ ಎರಡನ್ನೂ ಹೇಳಲಿಲ್ಲ. ಗಂಟಿನ ಎರಡೂ ಬದಿಯ ಮೂಳೆಯ ಹಿಂದಿನ ಅಂಚನ್ನು ಬೆರಳಲ್ಲಿ ಒತ್ತುತ್ತಾ ಹೋದರು, ಆಮೇಲೆ ಕಿರುಬೆರಳ ಕಡೆ ಪಾದದ ನಡುವೆ ಉಬ್ಬಿರುವ ಮೂಳೆ, ಒಳಬದಿಯಲ್ಲೂ ಒಂದು ಕಡೆ, ಕೊನೆಗೆ ನಾಲ್ಕು ಹೆಜ್ಜೆ ನಡೆಸಿದರು. ಇವುಗಳಲ್ಲಿ ಒಂದೇ ಒಂದು ಕಡೆ ಒತ್ತಿದಾಗ ನೋವಿದ್ದರೂ, ಅಥವಾ ನಾಲ್ಕು ಹೆಜ್ಜೆ ಊರಲಿಕ್ಕೆ ಆಗದಿದ್ದರೆ ಎಕ್ಸ್‌ರೇ ಬೇಕು. ಕೆನಡಾದ ಒಟಾವಾದ ಡಾಕ್ಟರುಗಳು 1992ರಲ್ಲಿ ಕೊಟ್ಟ ನಿಯಮ ಇದು. ನನಗೆ ನೋವಿದ್ದದ್ದು ಮೂಳೆಯ ಮುಂದೆ, ಲಿಗಮೆಂಟ್ (ಮೂಳೆಗಳನ್ನು ಕಟ್ಟಿ ಹಿಡಿಯುವ ಪಟ್ಟಿ) ಇರುವ ಜಾಗದಲ್ಲಿ. ಎಕ್ಸ್‌ರೇ ಬೇಡ ಅಂದರು. ಸುಮ್ನೆ ಬರೆದುಕೊಡುವವರ ನಡುವೆ ಇದು ದೊಡ್ಡ ಮಾತು ಅಲ್ವಾ?

ಇನ್ನು ಮಷೀನ್ ವಿಷಯ. ಫಿಸಿಯೋ ಅಂದರೆ ವೈರ್ ಹಚ್ಚಿ ಮಲಗಿಸುವುದು, ಜೆಲ್ ಹಾಕಿ ಅಲ್ಟ್ರಾಸೌಂಡ್ ತಿರುಗಿಸುವುದು ಅಂತ ನಮ್ಮಲ್ಲಿ ತುಂಬಾ ಜನರ ಲೆಕ್ಕ. ಇಲ್ಲಿ ಅದೇನೂ ಇಲ್ಲ. ಉಳುಕಿಗೆ ಅಲ್ಟ್ರಾಸೌಂಡ್‌ನಿಂದ ಹೇಳಿಕೊಳ್ಳುವಂಥ ಲಾಭ ಕಾಣುವುದಿಲ್ಲ ಅಂತ ಮೇಡಂ ನೇರವಾಗಿಯೇ ಹೇಳುತ್ತಾರೆ. ಅದರ ಬದಲು ಗೋಡೆ, ಒಂದು ಮೆಟ್ಟಿಲು, ಒಂದು ರಬ್ಬರ್ ಬ್ಯಾಂಡ್. ಗೋಡೆಯ ಮುಂದೆ ನಿಂತು ಹಿಮ್ಮಡಿ ಎತ್ತದೆ ಮೊಣಕಾಲು ಗೋಡೆಗೆ ಮುಟ್ಟಿಸಬೇಕು. ಹೆಬ್ಬೆರಳನ್ನು ಗೋಡೆಯಿಂದ ಎಷ್ಟು ಹಿಂದಕ್ಕೆ ಇಡುವವರೆಗೆ ಮೊಣಕಾಲು ಮುಟ್ಟುತ್ತದೆ ಅಂತ ಟೇಪಿನಲ್ಲಿ ಅಳೆದು, ಎರಡೂ ಕಾಲಿನದ್ದನ್ನು ಅಕ್ಕಪಕ್ಕ ಬರೆದುಕೊಳ್ಳುತ್ತಾರೆ. ಮೆಟ್ಟಿಲ ಅಂಚಲ್ಲಿ ಒಂಟಿಕಾಲಲ್ಲಿ ಹಿಮ್ಮಡಿ ಎತ್ತಿ ಇಳಿಸುವುದು. ಕಣ್ಣು ಮುಚ್ಚಿ ಒಂಟಿಕಾಲಲ್ಲಿ ನಿಲ್ಲುವುದು, ಇದು ನೋಡಲಿಕ್ಕೆ ಸುಲಭ, ಆದರೆ ಉಳುಕಿದ ಕಾಲು ತಡವರಿಸುವುದು ಇಲ್ಲಿಯೇ ಗೊತ್ತಾಗುವುದು. ಊತ ಇಳಿದ ಮೇಲೂ ಕಾಲು ತನ್ನ ಜಾಗ ಮರೆತ ಹಾಗೆ ಇರುತ್ತದೆ. ಅದನ್ನು ಸರಿ ಮಾಡದೆ ಓಡಿದವರಿಗೆ ಮತ್ತೆ ಅದೇ ಕಾಲು ಉಳುಕುವುದು ಇದಕ್ಕೇ.

"ಓಡಲಿಕ್ಕೆ ಯಾವಾಗ ಮೇಡಂ?" ಅಂತ ಕೇಳಿದ್ದಕ್ಕೆ ತಾರೀಕು ಕೊಡಲಿಲ್ಲ. "ಆ ಕಾಲಲ್ಲಿ ಕುಪ್ಪಳಿಸಿ ತೋರಿಸಿ, ಆಮೇಲೆ ಮಾತಾಡುವ" ಅಂದರು.

ನನಗೆ ತುಂಬಾ ಹಿಡಿಸಿದ್ದು ಓಟಕ್ಕೆ ಹಿಂತಿರುಗುವ ದಾರಿಯನ್ನು ನಮ್ಮ ಊರಿಗೆ ಹೊಂದಿಸಿ ಕೊಟ್ಟದ್ದು. ಶುರು ಮಂಗಳಾ ಸ್ಟೇಡಿಯಂನ ಸಿಂಥೆಟಿಕ್ ಟ್ರ್ಯಾಕಿನಲ್ಲಿ: ನೇರ ಭಾಗದಲ್ಲಿ ಮೆಲ್ಲ ಓಡಬೇಕು, ತಿರುವಿನಲ್ಲಿ ನಡೆಯಬೇಕು. ತಿರುವು ಓಡುವ ಹಂತಕ್ಕೆ ಬಂದಾಗಲೂ ಒಳಗಿನ ಲೇನ್ ಬೇಡ, ಹೊರಗಿನದ್ದು ಹಿಡಿಯಿರಿ, ಅಲ್ಲಿ ತಿರುವು ಅಷ್ಟು ಬಿಗಿ ಇರುವುದಿಲ್ಲ. ಪಣಂಬೂರು ಬೀಚ್ ಕೊನೆಗೆ, ಯಾಕೆಂದರೆ ಮರಳು ಕುಸಿಯುತ್ತದೆ, ನೀರಿನ ಕಡೆಗೆ ಇಳಿಜಾರು ಬೇರೆ, ಒಂದು ಪಾದ ಯಾವಾಗಲೂ ವಾಲಿಕೊಂಡೇ ಬೀಳುತ್ತದೆ. ಕದ್ರಿ ಗುಡ್ಡದ ಏರು ಅದಕ್ಕೂ ಆಮೇಲೆ. ನೋವು ಹತ್ತರಲ್ಲಿ ಮೂರರ ಒಳಗಿದ್ದರೆ ಓಡಬಹುದು, ಆದರೆ ನಿಜವಾದ ಉತ್ತರ ಮರುದಿನ ಬೆಳಿಗ್ಗೆ ಸಿಗುತ್ತದೆ. ಹಾಸಿಗೆಯಿಂದ ಇಳಿದು ಮೊದಲ ಹೆಜ್ಜೆ ಇಡುವಾಗ ಗಂಟು ಬಿಗಿದಿದ್ದರೆ ಅಥವಾ ಊತ ಕಂಡರೆ ಹಿಂದಿನ ಹಂತಕ್ಕೆ ವಾಪಸ್. ದೂರ ಮತ್ತು ಸ್ಪೀಡ್ ಎರಡನ್ನೂ ಒಟ್ಟಿಗೆ ಹೆಚ್ಚಿಸಬಾರದು. ಈ ನಿಯಮ ಕೈಯಲ್ಲಿ ಇದ್ದ ಮೇಲೆ ಹೆದರಿಕೆ ಹೋಯಿತು. ಪ್ರತಿ ಸಣ್ಣ ನೋವಿಗೂ ನಿಂತುಬಿಡುವುದು ತಪ್ಪಿತು. ಈಗ ಐದು ಕಿಲೋಮೀಟರ್ ನಿಲ್ಲಿಸದೆ ಓಡುತ್ತೇನೆ, ನಿಧಾನ, ಆದರೆ ಖುಷಿಯಲ್ಲಿ.

ಕೊರತೆ ಇಲ್ಲವೇ? ಉಂಟು. ಕ್ಲಿನಿಕ್ ಮೊದಲ ಮಹಡಿಯಲ್ಲಿ, ಲಿಫ್ಟ್ ಇಲ್ಲ, ಕಾಲು ಊದಿಕೊಂಡು ಬರುವವರಿಗೆ ಆ ಮೆಟ್ಟಿಲು ನಿಜವಾಗಿ ಕಷ್ಟ. ಶುಲ್ಕ ಸ್ವಲ್ಪ ಜಾಸ್ತಿಯೇ, ಆದರೆ ಬೇಕಿಲ್ಲದಿದ್ದರೂ ಪದೇ ಪದೇ ಕರೆಸುವುದಿಲ್ಲ, ಮನೆಯಲ್ಲಿ ಮಾಡುವುದನ್ನು ಚೀಟಿಯಲ್ಲಿ ಬರೆದು ಕಳಿಸುತ್ತಾರೆ. ಮಸಾಜ್ ಮಾಡಿಸಿ ಹಾಯಾಗಿ ಬರುವ ಎಂದುಕೊಂಡವರಿಗೆ ಬೇಜಾರಾದೀತು. ಸಂಜೆ ಹೊತ್ತು ಶಾಲೆ ಮಕ್ಕಳು, ಮೊಣಕಾಲು ನೋವಿನ ಅಜ್ಜ-ಅಜ್ಜಿಯರು ಎಲ್ಲ ಸೇರಿ ಕಾಯಬೇಕಾಗುತ್ತದೆ, ಬೆಳಿಗ್ಗೆ ಫೋನ್ ಮಾಡಿ ಹೋಗಿ. ಹೋಗುವಾಗ ನಿಮ್ಮ ಹಳೆ ಓಟದ ಶೂ ಹಿಡಿದುಕೊಳ್ಳಿ, ಅಡಿ ಯಾವ ಬದಿ ಸವೆದಿದೆ ಅಂತ ಮಗುಚಿ ನೋಡುತ್ತಾರೆ.