ಈಜು ಬಾರದ ಅಜ್ಜಿಗೂ ಒಂದು ಹುಟ್ಟು ಕೊಟ್ಟರು

ಬೇಸಿಗೆಗೆ ಅಂತ ಟೊರಾಂಟೊದ ಮಕ್ಕಳ ಮನೆಗೆ ಬರುವ ನಮ್ಮಂಥ ಅಪ್ಪ ಅಮ್ಮಂದಿರಿಗೆ ಒಂದು ಕೆಲಸ ಖಾಯಂ. ಎಲ್ಲಿಗೆ ಹೋದರೂ ಬೆಂಚಿನ ಮೇಲೆ ಕೂತು ಬ್ಯಾಗ್ ಕಾಯುವುದು. ಉಳಿದವರು ನೀರಿಗೋ ಆಟಕ್ಕೋ ಇಳಿಯುತ್ತಾರೆ. ನಾವು ಚಪ್ಪಲಿ, ಫೋನು, ನೀರಿನ ಬಾಟಲಿ ಎಣಿಸುತ್ತಾ ಕೂರುತ್ತೇವೆ. ಹಾಗಾಗಿ ಜೂನ್ ಕೊನೆಯಲ್ಲಿ ಅಳಿಯಂದಿರು "ಅತ್ತೆ, ಈ ಸಲ ನೀವೂ ದೋಣಿಯಲ್ಲಿ ಕೂರಬೇಕು" ಅಂದಾಗ ನಾನು ನಕ್ಕು ಸುಮ್ಮನಾದೆ. ನನಗೆ 64 ವರ್ಷ. ಈಜು ಬರುವುದಿಲ್ಲ. ಬಲ ಮಂಡಿ ನೋವು ಬೇರೆ. ಹಿಂದೆ ಒಂದೇ ಒಂದು ಸಲ ಹರಿಗೋಲಿನಲ್ಲಿ ಕೂತಿದ್ದೆ, ಅದೂ ಕಣ್ಣು ಮುಚ್ಚಿಕೊಂಡು.

ನನ್ನ ಹಾಗೇ ಹೆದರುವವರಿಗೆ ಅಂತಲೇ ಇದನ್ನು ಬರೆಯುತ್ತಿದ್ದೇನೆ.

ಜಾಗ ಟೊರಾಂಟೊ ಐಲೆಂಡ್ಸ್, ಊರಿನ ಎದುರಿಗೇ ಒಂಟಾರಿಯೊ ಸರೋವರದಲ್ಲಿರುವ ಸಣ್ಣ ದ್ವೀಪಗಳು. ಬೇ ಸ್ಟ್ರೀಟ್ ಮುಗಿಯುವಲ್ಲಿಂದ ಫೆರಿ ಹತ್ತಿದರೆ ಹೆಚ್ಚು ಕಡಿಮೆ 15 ನಿಮಿಷ. ಅಲ್ಲಿ ಜನರ ಸ್ವಂತ ಕಾರುಗಳಿಗೆ ಅವಕಾಶವಿಲ್ಲ, ಅದಕ್ಕೇ ಇಳಿದ ತಕ್ಷಣ ಕಿವಿಗೆ ಏನೋ ಕಡಿಮೆಯಾದ ಹಾಗೆ ಅನ್ನಿಸುತ್ತದೆ. ದ್ವೀಪಗಳ ನಡುವೆ ಕಾಲುವೆ ಥರದ ನೀರಿನ ದಾರಿಗಳಿವೆ. ಲಗೂನ್ ಅನ್ನುತ್ತಾರೆ. ಎರಡೂ ದಡದಲ್ಲಿ ವಿಲೋ ಮರಗಳು ನೀರಿಗೆ ಕೂದಲು ಇಳಿಬಿಟ್ಟುಕೊಂಡು ನಿಂತಿರುತ್ತವೆ. ನಾವು ಹೋದದ್ದು ಗೈಡ್ ಜೊತೆಗಿನ ಎರಡು ಗಂಟೆಯ ಕನೂ ಸವಾರಿ, ಕುಟುಂಬದವರಿಗೆ ಅಂತಲೇ ಮಾಡಿದ್ದು. ಕಯಾಕ್ ಅಲ್ಲ, ಕನೂ. ಮೇಲೆ ತೆರೆದ ಉದ್ದನೆಯ ದೋಣಿ, ಒಂದೇ ಕಡೆ ಅಲಗಿರುವ ಹುಟ್ಟು. ಇಬ್ಬರು ಕೂರುವ ಸಣ್ಣ ಕನೂನೂ ಇತ್ತು, ಹತ್ತು ಜನ ಹಿಡಿಸುವ ದೊಡ್ಡದೂ ಇತ್ತು. ನಾವು ಆರು ಜನ ದೊಡ್ಡದನ್ನೇ ತೆಗೆದುಕೊಂಡೆವು. ಅಜ್ಜ ಅಜ್ಜಿ, ಸಣ್ಣ ಮಕ್ಕಳು ಇದ್ದರೆ ಕಣ್ಣು ಮುಚ್ಚಿ ದೊಡ್ಡದನ್ನೇ ಆರಿಸಿ. ಅಗಲ ಜಾಸ್ತಿ, ಅಲುಗಾಟ ಕಡಿಮೆ. ದಾರಿ ತಿರುಗಿಸುವುದನ್ನು ಹಿಂದೆ ಕೂತ ಗೈಡ್ ನೋಡಿಕೊಳ್ಳುತ್ತಾರೆ.

ನಮ್ಮ ಗೈಡ್ ಇಪ್ಪತ್ತೈದರ ಆಸುಪಾಸಿನ ಹುಡುಗಿ. ನೀರಿಗಿಳಿಯುವ ಮೊದಲು ದಡದಲ್ಲೇ ಅರ್ಧ ಗಂಟೆ ಕಳೆದಳು. ಆ ಅರ್ಧ ಗಂಟೆಯೇ ಈ ಸವಾರಿಯ ಜೀವಾಳ ಅಂತ ನನಗೆ ಅನ್ನಿಸುತ್ತದೆ. ಒಬ್ಬೊಬ್ಬರ ಲೈಫ್ ಜಾಕೆಟ್ಟನ್ನೂ ಭುಜದ ಹತ್ತಿರ ಹಿಡಿದು ಮೇಲಕ್ಕೆ ಎಳೆದಳು. ಅದು ಕಿವಿಯವರೆಗೆ ಬಂದರೆ ಸಡಿಲ ಅಂತ ಅರ್ಥ, ಮತ್ತೆ ಪಟ್ಟಿ ಬಿಗಿ ಮಾಡುವುದು. ಆರು ವರ್ಷದ ಮೊಮ್ಮಗನ ಜಾಕೆಟ್ಟಿಗೆ ಕಾಲುಗಳ ನಡುವೆಯೂ ಒಂದು ಪಟ್ಟಿ ಇತ್ತು, ಮೇಲೆ ಜಾರಿ ಬರದ ಹಾಗೆ. ಆಮೇಲೆ ದೋಣಿಯಲ್ಲಿದ್ದ ಸಾಮಾನು ತೋರಿಸಿದಳು. ಒಂದು ಸೀಟಿ, ನೀರು ಮೊಗೆದು ಚೆಲ್ಲುವ ಡಬ್ಬಿ, ನೀರಿನ ಮೇಲೆ ತೇಲುವ 15 ಮೀಟರ್ ಹಗ್ಗ. ಇವೆಲ್ಲ ಇರಲೇಬೇಕು ಅಂತ ಇಲ್ಲಿ ಕಾನೂನೇ ಇದೆಯಂತೆ. ಬೇರೆ ಕಡೆ ಕನೂ ಬಾಡಿಗೆಗೆ ತೆಗೆದುಕೊಂಡರೂ ಇವಿಷ್ಟನ್ನು ಕೇಳಿ ನೋಡಿಕೊಳ್ಳಿ.

"ಮಗುಚಿದರೆ?" ಅಂತ ನಾನು ಮಗಳ ಕೈಲಿ ನೇರವಾಗಿ ಕೇಳಿಸಿದೆ. ಆ ಹುಡುಗಿ ನಗಲಿಲ್ಲ. ನನ್ನ ಮುಂದೆ ಕುಕ್ಕರಗಾಲಿನಲ್ಲಿ ಕೂತು ನಿಧಾನವಾಗಿ ಹೇಳಿದಳು. ಜಾಕೆಟ್ ನಿಮ್ಮನ್ನು ತೇಲಿಸುತ್ತದೆ, ನೀವು ದೋಣಿ ಹಿಡಿದುಕೊಂಡಿರಿ, ದಡಕ್ಕೆ ಹೋಗಲು ಒದ್ದಾಡಬೇಡಿ, ನಾನು ಬರುತ್ತೇನೆ. ಇನ್ನೊಂದು ಮಾತೂ ಹೇಳಿದಳು. ದೋಣಿ ವಾಲಿದಾಗ ಎಲ್ಲರೂ ಗಾಬರಿಯಲ್ಲಿ ಅಂಚು ಹಿಡಿದು ಆ ಕಡೆಗೇ ಬಗ್ಗುತ್ತಾರೆ, ಅದರಿಂದಲೇ ಮಗುಚುವುದು. ಅಲುಗಿದರೆ ನಡುವೆ ನೇರ ಕೂತು ಮೈ ತಗ್ಗಿಸಬೇಕು ಅಷ್ಟೇ. ಒಂಟಾರಿಯೊ ಸರೋವರ ಕೆಲವು ಕಡೆ 244 ಮೀಟರ್ ಆಳ. ಅಷ್ಟು ನೀರು ಬಿಸಿಯಾಗಲು ತುಂಬಾ ದಿನ ಬೇಕು, ಜೂನ್‌ನಲ್ಲೂ ಕೊರೆಯುವಷ್ಟು ತಂಪು ಇರುತ್ತದೆ. ಅದಕ್ಕೇ ಹೊಸಬರನ್ನು ಸರೋವರದ ಕಡೆ ಒಯ್ಯುವುದೇ ಇಲ್ಲವಂತೆ. ಇಷ್ಟು ಬಿಡಿಸಿ ಹೇಳಿದ ಮೇಲೆ ನನ್ನ ಹೆದರಿಕೆ ಅರ್ಧ ಇಳಿಯಿತು.

ಹುಟ್ಟು ಹಾಕುವುದಕ್ಕೂ ಒಂದು ಕ್ರಮ ಇದೆ. ಒಂದು ಕೈ ತುದಿಯ ಹಿಡಿಯ ಮೇಲೆ, ಇನ್ನೊಂದು ಕೆಳಗೆ. ಕಾಲಿನ ಬೆರಳಿನ ನೇರಕ್ಕೆ ಅದ್ದಿ ಸೊಂಟದ ತನಕ ಎಳೆದು ತೆಗೆಯುವುದು. ಎಳೆಯಬೇಕಾದದ್ದು ತೋಳಿನಿಂದ ಅಲ್ಲ, ಮೈ ತಿರುಗಿಸಿ. ಮೊದಲ ಹತ್ತು ನಿಮಿಷ ನನ್ನ ಹುಟ್ಟು ಮುಂದೆ ಕೂತ ಯಜಮಾನರ ಹುಟ್ಟಿಗೆ ಟಕ್ ಟಕ್ ಅಂತ ತಾಗುತ್ತಿತ್ತು. "ಅಜ್ಜಿ, ನೀನು ಅಜ್ಜನ ಕೈ ನೋಡಿಕೊಂಡು ಹಾಕು" ಅಂತ ಒಂಬತ್ತು ವರ್ಷದ ಮೊಮ್ಮಗಳು ಪಕ್ಕದಿಂದ ಹೇಳಿಕೊಟ್ಟಳು. ಹಾಗೆ ಮಾಡಿದೆ. ಯಾವಾಗ ಸರಿಹೋಯಿತೋ ಗೊತ್ತಾಗಲಿಲ್ಲ. ಎಲ್ಲರ ಹುಟ್ಟೂ ಒಟ್ಟಿಗೆ ನೀರಿಗೆ ಬಿದ್ದ ಸದ್ದು ಕೇಳಿತು, ದೋಣಿ ಜಾರಿಕೊಂಡು ಹೋಯಿತು. ಭತ್ತ ಕುಟ್ಟುವಾಗ ಒನಕೆಗಳ ತಾಳ ಕೂಡುತ್ತದಲ್ವಾ, ಹಾಗೆ. ಆ ಸದ್ದು ಈಗಲೂ ಕಿವಿಯಲ್ಲಿದೆ.

ಒಂದು ತಿರುವಿನಲ್ಲಿ ಗೈಡ್ ಎಲ್ಲರಿಗೂ ಹುಟ್ಟು ಮೇಲೆತ್ತಲು ಹೇಳಿದಳು. ಬಿದ್ದ ಮರದ ಕೊಂಬೆಯ ಮೇಲೆ ಆಮೆಗಳು ಸಾಲಾಗಿ ಬಿಸಿಲು ಕಾಯುತ್ತಿದ್ದವು. ಮೊಮ್ಮಗ ಪಿಸುಮಾತಿನಲ್ಲಿ ಎಣಿಸಿದ, ಏಳು. ಅದರಾಚೆ ಮರದ ನೆರಳಲ್ಲಿ ತಲೆ ಬೆನ್ನು ಕಪ್ಪಗಿದ್ದ ಒಂದು ಕುಳ್ಳ ಬಕ, ಕುತ್ತಿಗೆ ಒಳಗೆ ಎಳೆದುಕೊಂಡು ಕೂತಿತ್ತು. ಮೋಟಾರ್ ದೋಣಿಯಲ್ಲಿ ಬಂದಿದ್ದರೆ ಇದ್ಯಾವುದೂ ಕಾಣುತ್ತಿರಲಿಲ್ಲ.

ಈ ಜಾಗ ಮೊದಲು ದ್ವೀಪವೇ ಆಗಿರಲಿಲ್ಲವಂತೆ. ನೆಲಕ್ಕೆ ಅಂಟಿಕೊಂಡ ಮರಳಿನ ದಿಣ್ಣೆ. ಪೂರ್ವದ ಸ್ಕಾರ್ಬರೊ ದಿಬ್ಬಗಳಿಂದ ಕೊಚ್ಚಿ ಬಂದ ಮರಳು ಸೇರಿ ಸೇರಿ ಆದದ್ದು. 1858ರಲ್ಲಿ ಒಂದು ದೊಡ್ಡ ಬಿರುಗಾಳಿ ಅದನ್ನು ಕತ್ತರಿಸಿ ಬೇರೆ ಮಾಡಿತು. ಇದನ್ನೆಲ್ಲ ಗೈಡ್ ಚೆನ್ನಾಗಿ ಹೇಳಿದಳು. ಆದರೆ ಇಲ್ಲಿನ ಮೂಲ ಜನರಾದ ಮಿಸ್ಸಿಸ್ಸಾಗಾ ಅವರ ಬಗ್ಗೆ ಒಂದೇ ವಾಕ್ಯ. ನನಗೆ ಅದು ಸಾಲಲಿಲ್ಲ. ನಾವು ಕೂತಿದ್ದ ದೋಣಿಯ ಆಕಾರವೇ ಅವರಂಥ ಜನರಿಂದ ಬಂದದ್ದು. ಬರ್ಚ್ ಮರದ ತೊಗಟೆಯನ್ನು ಸ್ಪ್ರೂಸ್ ಬೇರಿನಿಂದ ಹೊಲಿದು, ಅಂಟು ಹಚ್ಚಿ ಮಾಡುತ್ತಿದ್ದರು. ಅವರ ಮಾತಿನಲ್ಲಿ ಕನೂಗೆ ಜೀಮಾನ್ ಅನ್ನುತ್ತಾರೆ. ಇದು ಮಗಳು ಮನೆಗೆ ಬಂದ ಮೇಲೆ ಹುಡುಕಿ ಓದಿ ಹೇಳಿದ್ದು. ದೋಣಿಯಲ್ಲೇ ಕೇಳಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು.

ಇನ್ನೂ ಕೆಲವು ಕೊರತೆಗಳಿವೆ. ಬೆಂಚಿಗೆ ಒರಗು ಇಲ್ಲ. ಒಂದು ಗಂಟೆ ಆದ ಮೇಲೆ ನನ್ನ ಸೊಂಟ ಹಿಡಿದುಕೊಂಡಿತು. ಕೇಳಿದರೆ ದಪ್ಪ ಮೆತ್ತೆ ಕೊಡುತ್ತಾರೆ, ಆದರೆ ಅವರಾಗಿ ಹೇಳುವುದಿಲ್ಲ. ಶೌಚಾಲಯ ದೂರ, ಫೆರಿ ಇಳಿದ ಕೂಡಲೇ ಮುಗಿಸಿಕೊಳ್ಳಿ. ಫೆರಿಯ ಟಿಕೆಟ್ ಬೇರೆ ತೆಗೆದುಕೊಳ್ಳಬೇಕು ಅನ್ನುವುದನ್ನು ಬುಕಿಂಗ್‌ನಲ್ಲಿ ಎಲ್ಲೋ ಮೂಲೆಯಲ್ಲಿ ಬರೆದಿದ್ದಾರೆ. ನಾವು ಭಾನುವಾರ ಆ ಸಾಲಿನಲ್ಲಿ ಮುಕ್ಕಾಲು ಗಂಟೆ ನಿಂತು ಓಡೋಡಿ ಹೋದೆವು. ಮಂಡಿ ನೋವಿನವರಿಗೆ ಆ ಓಟ ಒಳ್ಳೆಯದಲ್ಲ.

ಬೆಳಗಿನ ಮೊದಲ ಸವಾರಿಗೇ ಹೋಗಿ. ಮಧ್ಯಾಹ್ನದ ಹೊತ್ತಿಗೆ ಗಾಳಿ ಏಳುತ್ತದೆ. ನಾವು ಲಗೂನ್ ಬಾಯಿಯ ತನಕ ಹೋದಾಗ ಆಚೆ ಬಂದರಿನ ನೀರು ಕುದಿಯುವ ಹಾಗಿತ್ತು. ನೀರಿನಾಚೆ ಸಿಎನ್ ಟವರ್ ಅನ್ನುವ ಎತ್ತರದ ಗೋಪುರ, ಊರೆಲ್ಲ ಗಾಜು. ಅಳಿಯಂದಿರಿಗೆ ಅಲ್ಲಿಗೆ ಹೋಗಿ ಫೋಟೊ ತೆಗೆಯುವ ಆಸೆ. ಗೈಡ್ ಒಂದೇ ಮಾತಿನಲ್ಲಿ ಬೇಡ ಅಂದು ದೋಣಿ ತಿರುಗಿಸಿದಳು. ಅವಳ ಮೇಲೆ ನನಗೆ ಪೂರ್ತಿ ನಂಬಿಕೆ ಬಂದದ್ದು ಆ ಗಳಿಗೆಯಲ್ಲಿ.

ಅಂದ ಹಾಗೆ, ಬ್ಯಾಗ್‌ಗಳೆಲ್ಲ ಎಲ್ಲಿದ್ದವು ಅಂದಿರಾ? ನೀರು ಹೋಗದ ದೊಡ್ಡ ಚೀಲ ಕೊಡುತ್ತಾರೆ. ಬಾಯಿ ಮೂರು ಸುತ್ತು ಸುತ್ತಿ ದೋಣಿಗೇ ಕಟ್ಟಿಬಿಡುವುದು. ಕಾಯಲು ಯಾರೂ ಬೇಕಿಲ್ಲ. ನಾವು ಹೊರಡಲು ಇನ್ನೂ ಎರಡು ವಾರ ಇದೆ. ಮುಂದಿನ ಬುಧವಾರ ಬೆಳಿಗ್ಗೆಗೆ ಮತ್ತೆ ಬುಕ್ ಮಾಡಿಸಿದ್ದೇನೆ. ಮುಂದಿನ ಬೆಂಚು ನನಗೆ ಬೇಕು ಅಂತಲೂ ಬರೆಸಿದ್ದೇನೆ.