ಹವಳದ ಟ್ಯಾಂಕಿಗೆ ಯಾವ ಕುಬ್ಜ ಏಂಜಲ್: ಕೋರಲ್ ಬ್ಯೂಟಿಯೋ, ಫ್ಲೇಮೋ?

ಮಾಂಸಲ ಹವಳಗಳಿರುವ ರೀಫ್ ಟ್ಯಾಂಕಿನಲ್ಲಿ, ಅಂದರೆ ಹವಳ ಸಾಕುವ ಉಪ್ಪುನೀರಿನ ಅಕ್ವೇರಿಯಮ್ಮಿನಲ್ಲಿ, ಒಂದೇ ಒಂದು ಕುಬ್ಜ ಏಂಜಲ್ ಮೀನಿಗೆ ಜಾಗವಿದೆ ಎಂದಾದರೆ ನನ್ನ ಆಯ್ಕೆ ಕೋರಲ್ ಬ್ಯೂಟಿ. ಫ್ಲೇಮ್, ಲೆಮನ್‌ಪೀಲ್, ಚೆರಬ್ ಎಂಬ ಬೇರೆ ಮೂರು ಕುಬ್ಜ ಏಂಜಲ್‌ಗಳನ್ನೂ ಬೇರೆ ಬೇರೆ ಕಾಲದಲ್ಲಿ ಸಾಕಿ ನೋಡಿದ ಮೇಲೆ ಗಟ್ಟಿಯಾದ ಅಭಿಪ್ರಾಯವಿದು. ಕೋರಲ್ ಬ್ಯೂಟಿ ಹವಳಕ್ಕೆ ಬಾಯಿ ಹಾಕುವುದೇ ಇಲ್ಲವೆಂದು ಇದರ ಅರ್ಥವಲ್ಲ. ಇವೆಲ್ಲ ಸೇರಿದ ಸೆಂಟ್ರೊಪೈಗೆ ಕುಲದ ಯಾವ ಮೀನಿನ ಪರವಾಗಿಯೂ ಅಂಥ ಭರವಸೆ ಕೊಡಲು ಬರುವುದಿಲ್ಲ. ಅದು ಮಾಡಿದ ಹಾನಿ ನನ್ನ ಟ್ಯಾಂಕು ತಾಳಿಕೊಳ್ಳುವಷ್ಟಿತ್ತು, ಫ್ಲೇಮ್ ಮಾಡಿದ ಹಾನಿ ಹಾಗಿರಲಿಲ್ಲ ಎಂಬುದಷ್ಟೇ ಇಲ್ಲಿನ ವಾದ.

ಈ ಮೀನುಗಳ ದವಡೆಯಲ್ಲಿ ಕೂದಲಿನಷ್ಟು ಸಪೂರವಾದ ಹಲ್ಲುಗಳು ಒತ್ತೊತ್ತಾಗಿ ಇರುತ್ತವೆ. ಬಂಡೆಯ ಮೇಲೆ ಕಟ್ಟಿದ ಪಾಚಿ, ಅದರಲ್ಲಿ ಸಿಕ್ಕಿಕೊಂಡ ಕಸರು, ಸ್ಪಂಜು, ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳು ಇವನ್ನು ಬೆಳಗಿನಿಂದ ಸಂಜೆಯವರೆಗೆ ಕೆರೆದು ತಿನ್ನುತ್ತ ತಿರುಗುವುದು ಅವುಗಳ ಸ್ವಭಾವ. ಆಡು ಮುಟ್ಟದ ಸೊಪ್ಪಿಲ್ಲ ಎನ್ನುವ ಹಾಗೆ, ಹವಳ ತನ್ನ ಮೈಮೇಲೆ ಸ್ರವಿಸುವ ಲೋಳೆಯನ್ನೂ ಅವು ಬಿಡುವುದಿಲ್ಲ. ಚಿಟ್ಟೆಮೀನುಗಳಲ್ಲಿ ಹಲವು ಜಾತಿಗಳು ಹವಳದ ಪುಟ್ಟ ಜೀವಿಯಾದ ಪಾಲಿಪನ್ನೇ ಕಿತ್ತು ತಿಂದು ಬದುಕುತ್ತವೆ. ಕುಬ್ಜ ಏಂಜಲ್ ಹಾಗಲ್ಲ, ಅದು ರುಚಿ ನೋಡಿ ಮುಂದೆ ಹೋಗುತ್ತದೆ. ಒಂದು ಕುಕ್ಕಿನಿಂದ ಯಾವ ಹವಳವೂ ಸಾಯುವುದಿಲ್ಲ. ಆದರೆ ದಿನವಿಡೀ ಕುಕ್ಕಿಸಿಕೊಳ್ಳುವ ಹವಳ ಅರಳುವುದನ್ನೇ ನಿಲ್ಲಿಸುತ್ತದೆ, ಅರಳದ ಹವಳಕ್ಕೆ ಬೆಳಕೂ ದಕ್ಕುವುದಿಲ್ಲ, ಆಹಾರವೂ ದಕ್ಕುವುದಿಲ್ಲ.

ಫ್ಲೇಮ್‌ನ ಚೆಲುವಿನ ಬಗ್ಗೆ ತಕರಾರಿಲ್ಲ. ಕೆಂಡದ ಬಣ್ಣದ ಮೈ, ಅದರ ಮೇಲೆ ನೆಟ್ಟಗೆ ಇಳಿದ ಕಪ್ಪು ಪಟ್ಟೆಗಳು, ಬೆನ್ನಿನ ಮತ್ತು ಗುದದ ಈಜುರೆಕ್ಕೆಗಳ ಹಿಂತುದಿಯಲ್ಲಿ ನೀಲಿ ಗೆರೆಗಳು: ಶಾಂತಸಾಗರದ ಈ ಮೀನನ್ನು ಒಮ್ಮೆ ನೋಡಿದವರಿಗೆ ಬೇಕೆನಿಸದೆ ಇರುವುದಿಲ್ಲ. ನನ್ನ ಟ್ಯಾಂಕಿಗೆ ಬಂದ ಮೊದಲ ವಾರಗಳಲ್ಲಿ ಅದು ಬಂಡೆಯ ಪಾಚಿಯನ್ನಷ್ಟೇ ಮೇಯುತ್ತಿತ್ತು. ಆಮೇಲೆ ಮರಳಿನ ಮೇಲೆ ಕೂರಿಸಿದ್ದ ಟ್ರಾಕಿಫಿಲಿಯ ಎಂಬ ಮಾಂಸಲ ಹವಳ ಹಗಲಿನಲ್ಲಿ ಉಬ್ಬುವುದನ್ನು ನಿಲ್ಲಿಸಿತು. ನೀರು ಪರೀಕ್ಷಿಸಿದರೆ ಕ್ಷಾರತೆ, ಲವಣಾಂಶ, ಉಷ್ಣತೆ ಎಲ್ಲವೂ ಇರಬೇಕಾದಲ್ಲೇ ಇದ್ದವು. ನಸುಕಿನಲ್ಲಿ, ದೀಪ ಹತ್ತುವ ಮೊದಲು ನೋಡಿದರೆ ಅದೇ ಹವಳ ಚೆನ್ನಾಗಿ ಉಬ್ಬಿರುತ್ತಿತ್ತು. ರಾತ್ರಿ ನೆಮ್ಮದಿಯಾಗಿದ್ದು ಹಗಲು ಮುದುಡುವ ಹವಳವನ್ನು ಕಂಡರೆ ನೀರಿಗಿಂತ ಮೊದಲು ಮೀನನ್ನು ಅನುಮಾನಿಸಬೇಕು. ತೂತುಗಳಿರುವ ಪ್ಲಾಸ್ಟಿಕ್ ಬುಟ್ಟಿಯೊಂದನ್ನು ಹವಳದ ಮೇಲೆ ಕವುಚಿಟ್ಟೆ; ಅದರೊಳಗೆ ಹವಳ ಹಗಲಿನಲ್ಲೂ ಅರಳಿತು, ಬುಟ್ಟಿ ತೆಗೆದೊಡನೆ ಮತ್ತೆ ಮುದುಡಿತು. ಇದಕ್ಕಿಂತ ಖಚಿತವೂ ಸುಲಭವೂ ಆದ ಪರೀಕ್ಷೆ ನನಗೆ ಗೊತ್ತಿಲ್ಲ.

ಎದುರಿಗೆ ಜನ ನಿಂತಿದ್ದರೆ ಈ ಮೀನು ಊಟ ಬರುತ್ತದೆಂದು ಗಾಜಿನ ಬಳಿಗೆ ಬಂದುಬಿಡುವುದರಿಂದ, ಫೋನಿನ ಕ್ಯಾಮೆರಾವನ್ನು ಚಾಲೂ ಮಾಡಿಟ್ಟು ಹೊರಗೆ ಹೋಗಬೇಕಾಯಿತು. ಅದು ಹವಳದ ಬಳಿ ಬಂದು, ಮೈಯನ್ನು ಒಂದು ಪಕ್ಕಕ್ಕೆ ವಾಲಿಸಿ, ಒಂದು ಕಣ್ಣಿನಿಂದ ಅಂಚನ್ನು ದಿಟ್ಟಿಸಿ, ಚಕ್ಕನೆ ಕುಕ್ಕಿ ಹಿಂದೆ ಸರಿಯುತ್ತಿತ್ತು. ಮುದುಡಿದ ಅಂಚು ಮತ್ತೆ ತುಸು ಸಡಿಲವಾಗುವವರೆಗೆ ಅಲ್ಲೇ ಸುತ್ತಾಡಿ, ಇನ್ನೊಮ್ಮೆ ಕುಕ್ಕುತ್ತಿತ್ತು. ಕೆಲವು ವಾರಗಳಲ್ಲಿ ಅಂಚಿನ ಮಾಂಸ ತೆಳುವಾಗಿ, ಹವಳದ ಅಸ್ಥಿಪಂಜರದ ಹಲ್ಲಿನಂಥ ಅಂಚುಗಳು ಬೆಳ್ಳಗೆ ಎದ್ದು ಕಾಣತೊಡಗಿದವು. ಊಟ ಹೆಚ್ಚಿಸಿದರೆ ಕುಕ್ಕುವುದು ಕಡಿಮೆಯಾಗುತ್ತದೆ ಎನ್ನುತ್ತಾರೆ. ಕಡಿಮೆಯಾಯಿತು, ನಿಲ್ಲಲಿಲ್ಲ, ಜೊತೆಗೆ ನೈಟ್ರೇಟ್ ಮತ್ತು ಫಾಸ್ಫೇಟ್ ಏರಿ, ಗಾಜಿನ ಮೇಲೆ ಬೇಡದ ಪಾಚಿ ಬಂತು.

ಹಾಗಾದರೆ ಮೀನನ್ನು ತೆಗೆದುಬಿಟ್ಟರಾಯಿತಲ್ಲ ಎಂದು ಹೇಳುವವರು ಕುಬ್ಜ ಏಂಜಲನ್ನು ಹಿಡಿದು ನೋಡಿಲ್ಲ. ಎಲ್ಲ ಹೋಲಿಕೆಗಳಲ್ಲೂ ಬಣ್ಣ, ಗಾತ್ರ, ಬೆಲೆಗಳ ಮಾತು ಇರುತ್ತದೆ. ಹವಳಕ್ಕೆ ಬಾಯಿ ಹಾಕಿದ ಮೇಲೆ ಅದನ್ನು ಹೊರತೆಗೆಯುವುದು ಹೇಗೆ ಎಂಬ ಮಾತು ಮಾತ್ರ ಇರುವುದಿಲ್ಲ. ಬಂಡೆಗಳ ನಡುವಿನ ಬಿಲಗಳಲ್ಲೇ ಬದುಕುವ ಈ ಮೀನಿಗೆ ಪ್ರತಿಯೊಂದು ಬಿಲಕ್ಕೂ ಇನ್ನೊಂದು ಬಾಗಿಲು ಎಲ್ಲಿದೆಯೆಂದು ಗೊತ್ತಿರುತ್ತದೆ. ಬಲೆ ನೀರಿಗಿಳಿಯುವಷ್ಟರಲ್ಲಿ ಅದು ಕಾಣೆಯಾಗಿರುತ್ತದೆ. ಅಕಸ್ಮಾತ್ ಬಲೆಗೆ ಬಿದ್ದರೂ ಅಪಾಯ ತಪ್ಪಿದ್ದಲ್ಲ, ಏಕೆಂದರೆ ಏಂಜಲ್ ಮೀನುಗಳಿಗೆಲ್ಲ ಕೆನ್ನೆಯ ಕೆಳತುದಿಯಲ್ಲಿ ಹಿಂದಕ್ಕೆ ಚಾಚಿದ ಗಟ್ಟಿ ಮುಳ್ಳೊಂದಿರುತ್ತದೆ, ಅದು ಬಲೆಯ ಕಣ್ಣಿಗೆ ಸಿಕ್ಕಿಕೊಂಡರೆ ಬಿಡಿಸುವಾಗ ಮೀನಿಗೆ ಗಾಯವಾಗುತ್ತದೆ. ಆದ್ದರಿಂದ ಕೊನೆಯಲ್ಲಿ ಎತ್ತಿಕೊಳ್ಳಲು ಬಲೆಗಿಂತ ಪ್ಲಾಸ್ಟಿಕ್ ಡಬ್ಬಿಯೇ ಮೇಲು. ಇನ್ನು ಬಂಡೆಗಳನ್ನೆಲ್ಲ ಎತ್ತಿಟ್ಟು ಹಿಡಿಯೋಣವೆಂದರೆ, ಅವುಗಳ ಮೇಲೆ ಬುಡ ಹರಡಿಕೊಂಡು ಬೆಳೆದ ಹವಳಗಳನ್ನು ಮುರಿಯಬೇಕಾಗುತ್ತದೆ.

ಉಳಿದ ದಾರಿ ಅಕ್ರಿಲಿಕ್ ಬೋನು. ಮುಂದೆ ಮೇಲಿನಿಂದ ಬೀಳುವ ಬಾಗಿಲು, ಬಾಗಿಲಿಗೊಂದು ದಾರ, ದಾರದ ತುದಿ ನಮ್ಮ ಕೈಯಲ್ಲಿ. ಬೋನನ್ನು ಮರಳಿನ ಮೇಲಿಟ್ಟು, ಬಾಗಿಲು ತೆರೆದು, ಊಟವನ್ನೆಲ್ಲ ಅದರೊಳಗೇ ಹಾಕತೊಡಗಿದೆ. ಮೊದಲು ನುಗ್ಗುವವು ಕ್ಲೌನ್ ಮೀನುಗಳು, ಆಮೇಲೆ ರಾಸ್ ಎಂಬ ಮೀನುಗಳು. ಫ್ಲೇಮ್ ಮಾತ್ರ ಹೊಸ್ತಿಲ ತನಕ ಬಂದು, ಒಳಗಿನಿಂದ ತೇಲಿಬಂದ ಮೈಸಿಸ್ ಸೀಗಡಿಯನ್ನು ಹೊರಗೇ ನಿಂತು ಹಿಡಿದು ತಿನ್ನುತ್ತಿತ್ತು. ದಿನಗಟ್ಟಲೆ ಹೀಗೇ ನಡೆಯಿತು. ಸಂಜೆಯ ಹೊತ್ತೆಲ್ಲ ದಾರ ಹಿಡಿದು ಕುರ್ಚಿಯಲ್ಲಿ ಕೂರುವುದೇ ಕೆಲಸವಾಯಿತು, ಮನೆಯವರು ಮೀನನ್ನು ಬಿಟ್ಟು ನನ್ನನ್ನು ನೋಡತೊಡಗಿದರು. ಕೊನೆಗೆ ಕೆಲಸ ಮಾಡಿದ್ದು ಊಟವಲ್ಲ, ಟ್ರಾಕಿಫಿಲಿಯವೇ. ಅದನ್ನು ಬೋನಿನೊಳಗೆ, ಹಿಂಗೋಡೆಗೆ ತಾಗಿಸಿಟ್ಟೆ. ಮೈಸಿಸ್‌ಗೆ ಹೊಸ್ತಿಲು ದಾಟದ ಮೀನು ತನ್ನ ಮಾಮೂಲಿ ಹವಳವನ್ನು ಕುಕ್ಕಲು ನೆಟ್ಟಗೆ ಒಳಗೆ ಹೋಯಿತು. ಯಾರಿಗಾದರೂ ಇದೇ ಕಷ್ಟ ಬಂದರೆ ಮೊದಲ ದಿನದಿಂದಲೇ ಹವಳವನ್ನೇ ಎರೆಯಾಗಿಡಲಿ.

ಕೋರಲ್ ಬ್ಯೂಟಿಯ ಕಥೆಯಲ್ಲಿ ಇಂಥ ರಂಪವೇನೂ ಇಲ್ಲ. ಪೂರ್ವ ಆಫ್ರಿಕದ ಕರಾವಳಿಯಿಂದ ಶಾಂತಸಾಗರದ ನಡುವಿನ ದ್ವೀಪಗಳವರೆಗೆ ಹರಡಿಕೊಂಡಿರುವ ಈ ಮೀನು ಸುಮಾರು 10 ಸೆಂಟಿಮೀಟರ್ ಬೆಳೆಯುತ್ತದೆ. ಗಾಢ ನೀಲಿ ನೇರಳೆಯ ಚೌಕಟ್ಟಿನೊಳಗೆ ಕಿತ್ತಳೆ ಬಣ್ಣದ ಪಕ್ಕೆ, ಅದರ ಮೇಲೆ ತೆಳುವಾದ ಅಡ್ಡಾದಿಡ್ಡಿ ಗೆರೆಗಳು. ದೂರದಿಂದ ನೋಡಿದರೆ ಮಂಕು, ನೀಲಿ ದೀಪದಡಿ ಹತ್ತಿರದಿಂದ ನೋಡಿದರೆ ಬೇರೆಯದೇ ಮೀನು. ನನ್ನಲ್ಲಿದ್ದದ್ದು ಬಂಡೆಯ ಹಿಂಬದಿಯ ಪಾಚಿಯನ್ನು ಹಿಡಿದು ಬಿಟ್ಟು ಮೇಯುತ್ತ, ಕ್ಲಿಪ್ಪಿಗೆ ಸಿಕ್ಕಿಸಿದ ನೋರಿ (ಒಣಗಿಸಿದ ಕಡಲಪಾಚಿ) ಹಾಳೆಗೆ ಮೊದಲು ಬರುವ ಮೀನಾಗಿತ್ತು. ಟ್ರಾಕಿಫಿಲಿಯವನ್ನು ಆಗೊಮ್ಮೆ ಈಗೊಮ್ಮೆ ಮುಟ್ಟಿ ನೋಡಿತು, ಬೆನ್ನು ಹತ್ತಲಿಲ್ಲ. ಹವಳದ ಹತ್ತಿರದ ನೆಂಟರಾದ ಜೋವಾಂತಿಡ್‌ಗಳ ಒಂದು ಗುಂಪನ್ನು ಮಾತ್ರ ಬಿಡಲಿಲ್ಲ. ಕವಲೊಡೆದು ಬೆಳೆಯುವ ಅಕ್ರೊಪೊರ ಹವಳದ ಬುಡದಲ್ಲಿ ಲೋಳೆ ನೆಕ್ಕಿದಾಗ ಪಾಲಿಪ್‌ಗಳು ಸ್ವಲ್ಪ ಹೊತ್ತು ಒಳಗೆ ಹೋಗಿ ಮತ್ತೆ ಹೊರಗೆ ಬರುತ್ತಿದ್ದವು, ಬೆಳವಣಿಗೆಗೆ ಅಡ್ಡಿಯಾದಂತೆ ಕಾಣಲಿಲ್ಲ. ಇದು ನನ್ನ ಮೀನಿನ ಗುಣ. ಹವಳ ಬೋಳಿಸಿದ ಕೋರಲ್ ಬ್ಯೂಟಿಗಳೂ ಇವೆ, ವರ್ಷಗಟ್ಟಲೆ ಸಾಧುವಾಗಿದ್ದ ಫ್ಲೇಮ್‌ಗಳೂ ಇವೆ. ಒಂದೇ ಜಾತಿಯೊಳಗೆ ಮೀನಿನಿಂದ ಮೀನಿಗೆ ಇರುವ ವ್ಯತ್ಯಾಸ ಜಾತಿಯಿಂದ ಜಾತಿಗೆ ಇರುವುದಕ್ಕಿಂತ ಕಡಿಮೆಯೇನಲ್ಲ.

ಕ್ವಾರಂಟೀನ್, ಅಂದರೆ ಹೊಸ ಮೀನನ್ನು ಮೊದಲು ಬೇರೆ ಟ್ಯಾಂಕಿನಲ್ಲಿಟ್ಟು ನೋಡುವ ವಿಷಯದಲ್ಲಿ ಇವೆರಡಕ್ಕೂ ಭೇದವಿಲ್ಲ. ಕುಬ್ಜ ಏಂಜಲ್‌ಗಳಿಗೆ ತಾಮ್ರದ ಔಷಧ ಸುಲಭವಾಗಿ ಒಗ್ಗುವುದಿಲ್ಲ, ಆದ್ದರಿಂದ ಪ್ರಮಾಣವನ್ನು ಒಮ್ಮೆಲೇ ಏರಿಸದೆ ಕೆಲವು ದಿನ ತೆಗೆದುಕೊಂಡು ಏರಿಸಬೇಕು. ಉಷ್ಣತೆ ಮತ್ತು ಪಿಎಚ್ ಸರಿಹೊಂದಿಸಿದ ಸಿಹಿನೀರಿನಲ್ಲಿ ಮೀನನ್ನು ಐದು ನಿಮಿಷ ಇಟ್ಟರೆ, ಮೈಮೇಲೆ ಪಾರದರ್ಶಕವಾಗಿ ಅಂಟಿಕೊಂಡಿದ್ದ ಚಪ್ಪಟೆಹುಳುಗಳು ಬೆಳ್ಳಗಾಗಿ ಉದುರುತ್ತವೆ. ಇದನ್ನು ಬಿಡುವ ಹಾಗಿಲ್ಲ.

ಲೆಮನ್‌ಪೀಲ್ ನನ್ನಲ್ಲಿ ಹೆಚ್ಚು ಕಾಲ ಉಳಿಯಲಿಲ್ಲ, ಟ್ರೈಡಾಕ್ನ ಎಂಬ ಚಿಪ್ಪುಜೀವಿಯ ಬಣ್ಣದ ಮಾಂಸದ ಅಂಚನ್ನು ಕುಕ್ಕಲು ಹಿಡಿದದ್ದರಿಂದ ಬೇರೆಯವರಿಗೆ ಕೊಟ್ಟೆ. ಅದನ್ನು ಕೊಳ್ಳುವಾಗ ಒಂದು ಮೋಜಿನ ಎಚ್ಚರಿಕೆ ಬೇಕು: ಅಕಾಂತುರಸ್ ಪೈರೊಫೆರಸ್ ಎಂಬ ಸರ್ಜನ್ ಮೀನಿನ ಮರಿ ಲೆಮನ್‌ಪೀಲ್‌ನ ವೇಷವನ್ನೇ ಹಾಕಿಕೊಂಡಿರುತ್ತದೆ. ಕೆನ್ನೆಯ ಮುಳ್ಳು ಕಂಡರೆ ಏಂಜಲ್, ಬಾಲದ ಬುಡದಲ್ಲಿ ಚೂರಿ ಕಂಡರೆ ಸರ್ಜನ್. ಬೈಕಲರ್ ಎಂಬ ಇನ್ನೊಂದು ಕುಬ್ಜ ಏಂಜಲನ್ನು ನಾನು ತರಲೇ ಇಲ್ಲ. ಸಾಗಣೆಯಲ್ಲಿ ಸೊರಗಿ ಬಂದು ಊಟ ಮುಟ್ಟದ ಮೀನೆಂಬ ಕುಖ್ಯಾತಿ ಸಾಕಿತ್ತು. ಅಟ್ಲಾಂಟಿಕ್‌ನ ಚೆರಬ್ 8 ಸೆಂಟಿಮೀಟರ್ ಮೀರದ ಮೀನು, 100 ಲೀಟರಿನ ಟ್ಯಾಂಕಿಗೂ ಹೊಂದುತ್ತದೆ, ಹವಳಕ್ಕೂ ಹೆಚ್ಚು ತೊಂದರೆ ಕೊಡಲಿಲ್ಲ, ಆದರೆ ಗೋಬಿ ಎಂಬ ಸಣ್ಣ ಮೀನುಗಳನ್ನು ಬಿಲದಿಂದ ಹೊರಗೆ ತಲೆ ಹಾಕಗೊಡುತ್ತಿರಲಿಲ್ಲ. ಹವಳದ ಸುರಕ್ಷತೆಯೊಂದೇ ಮುಖ್ಯವಾದವರು ತೇಲುವ ಸೂಕ್ಷ್ಮಪ್ರಾಣಿಗಳನ್ನು ತಿನ್ನುವ ಗೆನಿಕಾಂತಸ್ ಏಂಜಲ್‌ಗಳನ್ನು ನೋಡಬಹುದು. ಅವು ಕುಬ್ಜವಲ್ಲ, ಉದ್ದನೆಯ ಟ್ಯಾಂಕ್ ಬೇಡುತ್ತವೆ.

ಹಣದ ಲೆಕ್ಕದಲ್ಲೂ ಫ್ಲೇಮ್ ಸೋಲುತ್ತದೆ. ಸೆರೆಯಲ್ಲಿ ಮರಿ ಮಾಡಿಸಿದ ಫ್ಲೇಮ್‌ಗಳು ಸಿಗುತ್ತವೆ, ಅವು ಕಾಳಿನಾಕಾರದ ಒಣ ಮೀನಿನ ಆಹಾರವನ್ನು (ಪೆಲೆಟ್) ಸುಲಭವಾಗಿ ತಿನ್ನುತ್ತವೆ. ಆದರೆ ತೀರಾ ಸಣ್ಣ ಬಾಯಿಯ ಮರಿಗಳಿಗೆ ಕೋಪಿಪಾಡ್ ಎಂಬ ಸೂಕ್ಷ್ಮಪ್ರಾಣಿಗಳ ಮರಿಗಳನ್ನೇ ಬೆಳೆಸಿ ಉಣಿಸಬೇಕಾದ ಶ್ರಮವೆಲ್ಲ ಅವುಗಳ ಬೆಲೆಯಲ್ಲಿ ಸೇರಿರುತ್ತದೆ. ಹವಳಕ್ಕೆ ಬಾಯಿ ಹಾಕುತ್ತದೆಯೋ ಇಲ್ಲವೋ ಎಂಬ ಜೂಜಿಗೆ ಅಷ್ಟು ಹಣ ಸುರಿಯುವುದು ನನ್ನಿಂದಾಗದು. ಮರಳಿನ ಮೇಲೆ ಮಾಂಸಲ ಹವಳಗಳನ್ನು ಕೂರಿಸುವ ಗೀಳು ನನ್ನದು, ಬಂಡೆಗಳನ್ನು ಕದಲಿಸುವ ತಾಳ್ಮೆ ನನ್ನಲ್ಲಿಲ್ಲ, ದಿನಕ್ಕೆರಡು ಸಲಕ್ಕಿಂತ ಹೆಚ್ಚು ಊಟ ಹಾಕುವ ಪುರಸೊತ್ತೂ ಇಲ್ಲ. ಚರ್ಮದ ಹವಳ, ಅಣಬೆ ಹವಳಗಳನ್ನಷ್ಟೇ ಸಾಕುವವರಿಗೆ ಈ ತೀರ್ಪು ಅನ್ವಯಿಸುವುದಿಲ್ಲ. ಬೋನಿನಲ್ಲಿ ಸಿಕ್ಕಿದ ನನ್ನ ಫ್ಲೇಮ್ ಅಂಥದೇ ಟ್ಯಾಂಕೊಂದರಲ್ಲಿ ಯಾರ ತಂಟೆಗೂ ಹೋಗದೆ ಇದೆ. ನನ್ನಲ್ಲಿ ಜೋವಾಂತಿಡ್ ಗುಂಪನ್ನು ಕೆಳಗಿನ ಸಂಪ್ ಎಂಬ ನೀರು ಶೋಧಿಸುವ ತೊಟ್ಟಿಗೆ ಸಾಗಿಸಿ ಒಂದು ಸಣ್ಣ ದೀಪ ಹಾಕಿದ್ದೇನೆ, ಮೇಲಿನ ಟ್ಯಾಂಕ್ ಕೋರಲ್ ಬ್ಯೂಟಿಯದು.